ಪೊಟರೆ ಉಳಿದರೆ ಮಂಗಟ್ಟೆ ಉಳಿದೀತು

ದಾಂಡೇಲಿಯ ಕಾಳಿ ನದಿ ದಂಡೆಯ ಹೆಮ್ಮರವೊಂದರಲ್ಲಿ ಮೊದಲು ಕಂಡದ್ದು ಸಣ್ಣದೊಂದು ಸೀಳು, ಅಷ್ಟೇ. ಮಾರ್ಚ್ ತಿಂಗಳ ಬೆಳಗು. ದೂರದ ಪೊದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ರೆಕ್ಕೆಯ ಸದ್ದು ಮೊದಲು ಬಂತು, ಹಕ್ಕಿ ಆಮೇಲೆ. ಕಪ್ಪು-ಬಿಳುಪಿನ ಗಂಡು ಮಂಗಟ್ಟೆ, ಅಂದರೆ ಮಲಬಾರ್ ಪೈಡ್ ಹಾರ್ನ್‌ಬಿಲ್, ಕಾಂಡಕ್ಕೆ ಆತುಕೊಂಡು, ಕತ್ತು ಕೊಂಕಿಸಿ, ಗಂಟಲೊಳಗಿಂದ ಅತ್ತಿಹಣ್ಣೊಂದನ್ನು ಕೊಕ್ಕಿನ ತುದಿಗೆ ತಂದಿತು. ಸೀಳಿನಿಂದ ಇನ್ನೊಂದು ಕೊಕ್ಕು ಇಣುಕಿ ಅದನ್ನು ಒಳಗೆಳೆದುಕೊಂಡಿತು. ಮತ್ತೊಂದು, ಮಗದೊಂದು. ನೋಡುತ್ತಿದ್ದಷ್ಟು ಹೊತ್ತೂ ಒಂದು ಹಣ್ಣೂ ಕೆಳಗೆ ಬೀಳಲಿಲ್ಲ. ಅಷ್ಟು ದಪ್ಪ ಕೊಕ್ಕಿಗೆ ಇಷ್ಟು ನಾಜೂಕು!

ಒಳಗಿರುವುದು ಹೆಣ್ಣು. ಮೊಟ್ಟೆಯಿಡುವ ಮುನ್ನ ಪೊಟರೆ ಹೊಕ್ಕು, ಹಿಕ್ಕೆ, ಹಣ್ಣಿನ ತಿರುಳುಗಳಿಂದ ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಅಲ್ಲೇ ಹಾರುಗರಿಗಳನ್ನೂ ಉದುರಿಸುತ್ತದೆ. ಆ ದಿನಗಳಲ್ಲಿ ಗಂಡಿಗೆ ಏನಾದರೂ ಆದರೆ ಇಡೀ ಸಂಸಾರಕ್ಕೇ ಆಪತ್ತು.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಕಾಸರಕ ಮರದ ವಿಚಾರ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ; ಮಲೆನಾಡಿನಲ್ಲಿ ದನ ಕಾಯುವ ಹುಡುಗರಿಗೂ ಗೊತ್ತು, ಅದನ್ನು ಬಾಯಿಗಿಡಬಾರದೆಂದು. ನೋಡಲು ಮಾತ್ರ ಕಿತ್ತಳೆ ಬಣ್ಣದ ಚೆಂದದ ಹಣ್ಣು. ಗಟ್ಟಿ ಸಿಪ್ಪೆಯ ಆ ಹಣ್ಣು ಈ ಮಂಗಟ್ಟೆಗೆ ಇಷ್ಟದ ಊಟ. ನಾವು ಬಾಯಿಗಿಡದ್ದನ್ನು ತಿಂದು ಅರಗಿಸಿಕೊಳ್ಳುವ ಈ ಹಕ್ಕಿಯ ಮೇಲೆ ನನಗೆ ಪ್ರೀತಿ ಹೆಚ್ಚಿದ್ದು ಅಲ್ಲಿಂದಲೇ. ಹಣ್ಣು ನುಂಗುವುದು ಒಂದು ಕಡೆ, ಬೀಜ ಉಗುಳುವುದು ಇನ್ನೊಂದು ಕಡೆ. ಹೀಗೆ ಎಷ್ಟೋ ಮರಗಳ ಬೀಜ ಕಾಡಿನ ಉದ್ದಗಲಕ್ಕೂ ಹರಡುತ್ತದೆ.

ಭಾರತದ ಒಂಬತ್ತು ಬಗೆಯ ಹಾರ್ನ್‌ಬಿಲ್‌ಗಳಲ್ಲಿ ನಾಲ್ಕು ದಾಂಡೇಲಿ ಸುತ್ತಮುತ್ತಲೇ ಇವೆ. 2011ರಲ್ಲಿ ಸರ್ಕಾರ ಇಲ್ಲಿ ಹಾರ್ನ್‌ಬಿಲ್ ಸಂರಕ್ಷಿತ ಪ್ರದೇಶ ಘೋಷಿಸಿತು. ಒಳ್ಳೆಯ ಕೆಲಸವೇ. ಆದರೆ ಬ್ರಿಟಿಷರ ಕಾಲದಿಂದಲೂ ನಾಟಾ ಲೆಕ್ಕದಲ್ಲೇ ನೋಡಿಕೊಂಡು ಬಂದ ಕಾಡು ಇದು. ಸಾಲು ಸಾಲು ತೇಗದ ನೆಡುತೋಪು ಮಂಗಟ್ಟೆಗೆ ಹಣ್ಣನ್ನೂ ಕೊಡದು, ಮನೆಯನ್ನೂ ಕೊಡದು. ಮರಕುಟಿಗನಂತೆ ಪೊಟರೆಯನ್ನು ತಾನೇ ಕೊರೆದುಕೊಳ್ಳಲು ಈ ಹಕ್ಕಿಗೆ ಬಾರದು. ಕೊಂಬೆ ಮುರಿದು, ಕಾಂಡ ಟೊಳ್ಳಾಗಿ ತಾನಾಗಿಯೇ ಆದ ಪೊಟರೆಯೇ ಬೇಕು. ನಾಟಾ ಲೆಕ್ಕದಲ್ಲಿ ಅಂಥ ಮರಕ್ಕೆ ಬೆಲೆಯಿಲ್ಲ.

ವನಮಹೋತ್ಸವದಲ್ಲಿ ನೆಟ್ಟ ಸಸಿ ಮಂಗಟ್ಟೆಗೆ ಮನೆಯಾಗಲು ತಲೆಮಾರುಗಳೇ ಬೇಕು. ಆದ್ದರಿಂದ ನೆಟ್ಟ ಸಸಿಗಳ ಲೆಕ್ಕ ಕೊಡುವವರು ಉಳಿದಿರುವ ಪೊಟರೆ ಮರಗಳ ಲೆಕ್ಕವನ್ನೂ ಕೊಡಲಿ, ಒಂದೊಂದಕ್ಕೂ ಕಾವಲಿರಲಿ.