ಸೊಂಟದ ಕೀಲಿಗೆ ಮೂರು ದಾರಿಗಳು

ನಡಿಗೆಯ ಬೆಲೆ ನಡೆಯುವವನಿಗೆ ತಿಳಿಯದು. ಸೊಂಟದ ಕೀಲು ಸವೆದು, ಬಚ್ಚಲಿಗೆ ಹೋಗಿಬರುವುದೂ ಒಂದು ಯಾತ್ರೆಯಾದಾಗ ಅದರ ಅರಿವಾಗುತ್ತದೆ. ಅಂಥವರು ವೈದ್ಯರನ್ನು ಕೇಳುವುದು ಒಂದೇ ಮಾತು: “ಎಂದಿಗೆ ನಡೆದೇನು?”

ತೊಡೆಯೆಲುಬಿನ ಸವೆದ ತಲೆಯನ್ನು ತೆಗೆದು ಅಲ್ಲಿ ಕೃತಕ ಗುಂಡನ್ನೂ, ಅದು ತಿರುಗುವ ಕುಳಿಯಲ್ಲಿ ಹೊಸ ಬಟ್ಟಲನ್ನೂ ಕೂರಿಸುವುದೇ ಕೀಲು ಬದಲಾವಣೆ. ಇದಕ್ಕೆ ಭದ್ರವಾದ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಅವರು ಮೊದಲು ಬಳಸಿದ ಟೆಫ್ಲಾನಿನ ಬಟ್ಟಲು ಬೇಗನೆ ಸವೆದುಹೋಯಿತು. 1962ರಲ್ಲಿ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಪಾಲಿಥೀನಿನ ಬಟ್ಟಲನ್ನಿಟ್ಟು ಅವರು ಯಶಸ್ವಿಯಾದರು. ಕೀಲನ್ನು ತಲುಪಲು ತೊಡೆಯೆಲುಬಿನ ಹೊರಗುಬ್ಬನ್ನೇ ಸ್ನಾಯುಸಹಿತ ಕತ್ತರಿಸಿ, ಬಳಿಕ ತಂತಿಯಿಂದ ಬಿಗಿಯುತ್ತಿದ್ದರು. ಆ ಎಲುಬು ಕೂಡಿಕೊಳ್ಳುವವರೆಗೆ ಕಾಯಬೇಕಿತ್ತು.

ಈಗ ಹೆಚ್ಚಾಗಿ ಮೂರು ದಾರಿಗಳು ಬಳಕೆಯಲ್ಲಿವೆ. ಹಿಂಬದಿಯಿಂದ ಹೋದರೆ ನಡಿಗೆಗೆ ಆಧಾರವಾದ ಪಕ್ಕದ ಸ್ನಾಯುಗಳು ಉಳಿಯುತ್ತವೆ. ಆದರೆ ಕೀಲನ್ನು ತಿರುಗಿಸುವ ಸಣ್ಣ ಸ್ನಾಯುಗಳನ್ನು ಕತ್ತರಿಸಬೇಕು, ಗುಂಡು ಹಿಂದಕ್ಕೆ ಜಾರುವ ಭಯವುಂಟು. ಕೀಲಿನ ಹೊದಿಕೆಯನ್ನು ಮರಳಿ ಹೊಲಿಯುವ ಪದ್ಧತಿಯಿಂದ ಈ ಭಯ ಬಹಳ ತಗ್ಗಿದೆ. ಹಾರ್ಡಿಂಜರು 1982ರಲ್ಲಿ ವಿವರಿಸಿದ ಪಕ್ಕದ ದಾರಿಯಲ್ಲಿ ಜಾರುವಿಕೆ ಕಡಿಮೆ. ಬಿಡಿಸಿದ ಸ್ನಾಯು ಸರಿಯಾಗಿ ಕೂಡದಿದ್ದರೆ ಮಾತ್ರ ಕುಂಟು ಉಳಿಯುತ್ತದೆ.

ಮುಂಬದಿಯ ದಾರಿ ಸ್ನಾಯುಗಳನ್ನು ಕತ್ತರಿಸದೆ ಅವುಗಳ ನಡುವೆ ಸಾಗುತ್ತದೆ. ಸ್ಮಿತ್-ಪೀಟರ್ಸನ್ 1917ರಲ್ಲಿ ಇದನ್ನು ವಿವರಿಸಿದ್ದರು. ಈ ದಾರಿಯಲ್ಲಿ ಚಿಕಿತ್ಸೆ ಪಡೆದವರು ಮೊದಲ ವಾರಗಳಲ್ಲಿ ತುಸು ಬೇಗ ಊರುಗೋಲು ಬಿಡುತ್ತಾರೆಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ತೊಡೆಯ ಚರ್ಮದ ನರಕ್ಕೆ ಪೆಟ್ಟಾಗಿ ಜೋಮು ಉಳಿಯಬಹುದು. ಕೈ ಪಳಗದ ವೈದ್ಯನಿಂದ ತೊಡೆಯೆಲುಬು ಬಿರಿಯಲೂಬಹುದು.

ಈ ಮುನ್ನಡೆ ಬಹುಕಾಲ ನಿಲ್ಲುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ, ಮುಂಬದಿಯವನು ಯಾರು, ಹಿಂಬದಿಯವನು ಯಾರೆಂದು ನಡಿಗೆ ನೋಡಿ ಹೇಳುವುದು ಕಷ್ಟ. ಇಂದು ರೋಗಿ ಅದೇ ದಿನವೋ ಮರುದಿನವೋ ಎದ್ದು ನಿಲ್ಲುವುದು ಕೇವಲ ಒಂದು ದಾರಿಯ ಮಹಿಮೆಯಲ್ಲ. ನೋವನ್ನಡಗಿಸುವ ಹೊಸ ಕ್ರಮ, ಉತ್ತಮ ಅರಿವಳಿಕೆ, ಕೈಹಿಡಿದು ನಡೆಸುವ ಶುಶ್ರೂಷೆ ಇವು ಮೂರು ದಾರಿಗಳಿಗೂ ಸಮಾನ.

ಆದುದರಿಂದ “ಯಾವ ದಾರಿ ಶ್ರೇಷ್ಠ?” ಎಂಬುದಕ್ಕಿಂತ “ತಮಗೆ ಪಳಗಿದ ದಾರಿ ಯಾವುದು?” ಎಂದು ಶಸ್ತ್ರವೈದ್ಯರನ್ನು ಕೇಳುವುದು ಮೇಲು. ಮೊದಲ ಹೆಜ್ಜೆ ನಾಲ್ಕು ದಿನ ತಡವಾದರೆ ನಷ್ಟವಿಲ್ಲ; ಮುಂದಿನ ಇಪ್ಪತ್ತು ವರ್ಷದ ಹೆಜ್ಜೆಗಳು ನೆಟ್ಟಗಿರಬೇಕು.