ಬೋನಿ ಎಂ: ಹಾಡಿದವರು ಯಾರು, ಕುಣಿದವರು ಯಾರು?

2021ರ ಏಪ್ರಿಲ್‌ನಲ್ಲಿ ಪಕ್ಕದ ಕೇರಳದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು ಕಾಲೇಜಿನ ವರಾಂಡದಲ್ಲಿ ಅರ್ಧ ನಿಮಿಷ ಕುಣಿದ ವಿಡಿಯೋ ದೇಶವೆಲ್ಲ ಓಡಾಡಿತ್ತು, ನೆನಪಿದೆಯೇ? ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರ ಹೆಸರಿನಲ್ಲಿ ಧರ್ಮ ಹುಡುಕಿ ತಕರಾರು ತೆಗೆದವರೂ ಇದ್ದರು. ಆಗ ಬೇರೆ ಕಾಲೇಜುಗಳ ವಿದ್ಯಾರ್ಥಿಗಳು ತಾವೂ ಅದೇ ಹಾಡಿಗೆ ಕುಣಿದು ವಿಡಿಯೋ ಹಾಕಿ ಉತ್ತರ ಕೊಟ್ಟರು. ಆ ಹಾಡಿನ ಹೆಸರು ‘ರಾಸ್ಪುಟಿನ್’.

ವಿಡಿಯೋ ಹೊಸದು, ಹಾಡು ಹಳೆಯದು. 1978ರಲ್ಲಿ ಜರ್ಮನಿಯಲ್ಲಿ ತಯಾರಾದದ್ದು. ತಂಡದ ಹೆಸರು ಬೋನಿ ಎಂ. ನಿಮ್ಮ ಮನೆಯಲ್ಲಿ ಐವತ್ತು ಅರವತ್ತು ದಾಟಿದವರಿದ್ದರೆ ಒಮ್ಮೆ ಕೇಳಿ ನೋಡಿ, ಮುಖದಲ್ಲಿ ನಗು ಬರುವ ಸಾಧ್ಯತೆಯೇ ಹೆಚ್ಚು. ನನ್ನ ದೊಡ್ಡ ಮಾಮ ದಮ್ಮಾಮಿನಿಂದ ನ್ಯಾಷನಲ್ ಪ್ಯಾನಾಸೋನಿಕ್ ಟೂ-ಇನ್-ಒನ್ ತಂದಿದ್ದರಂತೆ. ಅದರ ಜೊತೆಗೆ ಬಂದ ನಾಲ್ಕೈದು ಕ್ಯಾಸೆಟ್‌ಗಳಲ್ಲಿ ಒಂದು ಬೋನಿ ಎಂ. “ಅದರಲ್ಲಿ ಒಬ್ಬ ಗಂಡಸು ಇದ್ದಾನಲ್ಲ, ಏನು ಸ್ವರ ಮಾರಾಯ! ಬಾವಿಯ ಒಳಗಿನಿಂದ ಬಂದ ಹಾಗೆ” ಎಂದು ಮಾಮ ಈಗಲೂ ಹೇಳುತ್ತಾರೆ. ಕ್ಯಾಸೆಟ್ ಕವರಿನ ಮೇಲಿರುವ ಗಂಡಸಿನ ಸ್ವರ ಅದಲ್ಲ ಎಂದು ನಾನು ಹೇಳಿದರೆ ಅವರು ಒಪ್ಪಲು ತಯಾರಿಲ್ಲ. ಈ ಲೇಖನವನ್ನು ಅರ್ಧ ಅವರಿಗಾಗಿಯೇ ಬರೆಯುತ್ತಿದ್ದೇನೆ.

ಆ ಸ್ವರದ ಯಜಮಾನನ ಹೆಸರು ಫ್ರಾಂಕ್ ಫೇರಿಯನ್. ಹುಟ್ಟಿದ್ದು 1941ರಲ್ಲಿ, ಜರ್ಮನಿಯ ಕಿರ್ನ್ ಎಂಬ ಊರಿನಲ್ಲಿ. ನಿಜವಾದ ಹೆಸರು ಫ್ರಾಂಜ್ ರಾಯ್ಟರ್. ಕಲಿತದ್ದು ಅಡುಗೆ ಕೆಲಸ, ಸೇರಿದ್ದು ಸಂಗೀತಕ್ಕೆ. ಜರ್ಮನ್ ಭಾಷೆಯಲ್ಲಿ ಭಾವಗೀತೆಯಂಥ ಮೃದು ಹಾಡುಗಳನ್ನು ಹಾಡುತ್ತಿದ್ದ ಅವರಿಗೆ ಕುಣಿಸುವ ಹಾಡೊಂದನ್ನು ಮಾಡುವ ಆಸೆ ಬಂತು. ಸ್ಟುಡಿಯೋಕ್ಕೆ ಹೋಗಿ ‘ಬೇಬಿ ಡು ಯು ವಾನ್ನಾ ಬಂಪ್’ ಎಂಬ ಹಾಡನ್ನು ರೆಕಾರ್ಡ್ ಮಾಡಿದರು. ಅದರಲ್ಲಿ ಗಂಡಸಿನ ಆಳದ ಸ್ವರವೂ ಅವರದೇ, ಹೆಂಗಸಿನದೆಂದು ಅನಿಸುವ ತೆಳು ಸ್ವರವೂ ಅವರದೇ. ತಮ್ಮ ಹೆಸರನ್ನು ಮಾತ್ರ ಹಾಕಲಿಲ್ಲ. ಆಗ ಟಿ.ವಿ.ಯಲ್ಲಿ ಬರುತ್ತಿದ್ದ ಆಸ್ಟ್ರೇಲಿಯಾದ ಪತ್ತೇದಾರಿ ಧಾರಾವಾಹಿಯ ನಾಯಕನ ಹೆಸರು ‘ಬೋನಿ’. ಅದಕ್ಕೆ ಒಂದು ‘ಎಂ’ ಸೇರಿಸಿದರು, ಅಷ್ಟೇ.

1975ರಲ್ಲಿ ಹಾಡು ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಚೆನ್ನಾಗಿ ಓಡಿತು. ಟಿ.ವಿ.ಯವರು, ಡಿಸ್ಕೋದವರು “ತಂಡವನ್ನು ಕಳುಹಿಸಿ” ಎಂದು ಕೇಳತೊಡಗಿದರು. ಕಳುಹಿಸಲು ತಂಡವೇ ಇರಲಿಲ್ಲ! ಹೀಗೆ ಹಾಡು ಮೊದಲು, ಹೆಸರು ಆಮೇಲೆ, ಜನ ಕೊನೆಗೆ. ಈ ಅನುಕ್ರಮವನ್ನು ನೆನಪಿನಲ್ಲಿಡಿ. ಮುಂದೆ ಆದದ್ದಕ್ಕೆಲ್ಲ ಕಾರಣ ಇದೇ.

ವೇದಿಕೆಗೆಂದು ಏಜೆಂಟರ ಮೂಲಕ ಜನರನ್ನು ಹುಡುಕಲಾಯಿತು. ಮೊದಲು ಬಂದವರಲ್ಲಿ ಮಾಂಟ್ಸೆರಾಟ್ ದ್ವೀಪದ ಮೇಝಿ ವಿಲಿಯಮ್ಸ್ ಇದ್ದರು, ಮಾಡೆಲಿಂಗ್ ಮಾಡುತ್ತಿದ್ದವರು. ಜೊತೆಗೆ ಶೀಲಾ ಬಾನಿಕ್, ನಥಾಲಿ ಮತ್ತು ಮೈಕ್ ಎಂಬ ಮೂವರು. ಈ ಮೂವರೂ ಹೆಚ್ಚು ದಿನ ನಿಲ್ಲಲಿಲ್ಲ. ಅವರ ಜಾಗಕ್ಕೆ ಅರೂಬಾ ದ್ವೀಪದ ಬಾಬಿ ಫ್ಯಾರೆಲ್, ಜಮೈಕಾ ಮೂಲದ ಮಾರ್ಸಿಯಾ ಬ್ಯಾರೆಟ್ ಮತ್ತು ಕ್ಲಾಡಿಯಾ ಬ್ಯಾರಿ ಬಂದರು. ಬಾಬಿ ಹದಿಹರೆಯದಲ್ಲೇ ಹಡಗಿನ ಕೆಲಸಕ್ಕೆ ಸೇರಿದವರು, ಆಮೇಲೆ ಡಿಸ್ಕೋಗಳಲ್ಲಿ ಹಾಡು ಹಾಕುವ ಡಿ.ಜೆ. ಆಗಿದ್ದರು. ಕ್ಲಾಡಿಯಾ ಬ್ಯಾರಿಗೆ ಬೇರೆಯವರ ಹಾಡಿಗೆ ತುಟಿ ಅಲುಗಾಡಿಸುವುದು ಇಷ್ಟವಿರಲಿಲ್ಲ. 1976ರ ಆರಂಭದಲ್ಲಿ ಅವರು ಬಿಟ್ಟರು, ಅವರ ಜಾಗಕ್ಕೆ ಲಿಜ್ ಮಿಚೆಲ್ ಬಂದರು. ಲಿಜ್ ಹುಟ್ಟಿದ್ದು ಜಮೈಕಾದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಜರ್ಮನಿಯ ಲೆಸ್ ಹಂಫ್ರೀಸ್ ಸಿಂಗರ್ಸ್ ಎಂಬ ದೊಡ್ಡ ತಂಡದಲ್ಲಿ ಹಾಡಿ ಪಳಗಿದ್ದರು. ಒಂದು ವರ್ಷದೊಳಗೆ ಎಷ್ಟು ಜನ ಬಂದು ಹೋದರು ನೋಡಿ, ಕವರಿನ ಮೇಲಿನ ಹೆಸರು ಮಾತ್ರ ಅದೇ.

ಲಿಜ್ ಬಂದ ಮೇಲೆ ಹಾಡಿನ ಬಣ್ಣವೇ ಬದಲಾಯಿತು. 1976ರ ಸೆಪ್ಟೆಂಬರಿನಲ್ಲಿ ಜರ್ಮನಿಯ ‘ಮ್ಯೂಸಿಕ್‌ಲಾಡನ್’ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ ‘ಡ್ಯಾಡಿ ಕೂಲ್’ ಕಾಣಿಸಿಕೊಂಡಿತು, ಸ್ವಲ್ಪ ದಿನದಲ್ಲೇ ಅಲ್ಲಿ ಮೊದಲ ಸ್ಥಾನಕ್ಕೇರಿತು. 1977ರಲ್ಲಿ ‘ಮಾ ಬೇಕರ್’. ಈ ಹಾಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಮೆರಿಕದ ಮಾ ಬಾರ್ಕರ್ ಎಂಬ ಹೆಂಗಸಿನ ದರೋಡೆ ಗುಂಪಿನ ಕಥೆ ಅದು. ಕಿವಿಗೆ ಹಿತವಾಗಲಿ ಎಂದು ಬಾರ್ಕರ್ ಅನ್ನು ಬೇಕರ್ ಮಾಡಿದರು. ಆದರೆ ರಾಗ ಎಲ್ಲಿಯದು ಗೊತ್ತೇ? ಟುನೀಷಿಯಾದ ‘ಸೀದಿ ಮನ್ಸೂರ್’ ಎಂಬ ಜಾನಪದ ಹಾಡಿನದು, ಅಲ್ಲಿನ ಸ್ಫಾಕ್ಸ್ ಪಟ್ಟಣದ ಬಳಿಯ ಸೂಫಿ ಸಂತರೊಬ್ಬರನ್ನು ನೆನೆಯುವ ಹಾಡು. ಗಲ್ಫಿನಲ್ಲಿ ಇದ್ದು ಬಂದವರು ಸಾಬಿರ್ ರಬಾಯಿ 2000ದಲ್ಲಿ ಹಾಡಿದ ‘ಸೀದಿ ಮನ್ಸೂರ್’ ಕೇಳಿರಬಹುದು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಮಜಾ ಇದೆ. ಫೇರಿಯನ್ ಅವರ ಸಹಾಯಕ ಹಾನ್ಸ್-ಯೋರ್ಗ್ ಮೇಯರ್ ಈ ರಾಗವನ್ನು ಹಿಡಿದು ತಂದವರು. ಅವರೂ ಸ್ವಂತ ಹೆಸರು ಹಾಕಿಕೊಳ್ಳಲಿಲ್ಲ, ‘ಮೇಯರ್’ನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ‘ರೇಯಾಮ್’ ಎಂದು ಹಾಕಿಕೊಂಡರು. ಆ ರಾಗವನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದ ಟುನೀಷಿಯಾದವರ ಹೆಸರಂತೂ ಎಲ್ಲೂ ಬರಲಿಲ್ಲ.

ಹೆಸರಿನ ಜಗಳ 1978ರಲ್ಲಿ ಮತ್ತೆ ಬಂತು. ಆ ವರ್ಷ ‘ರಿವರ್ಸ್ ಆಫ್ ಬ್ಯಾಬಿಲಾನ್’ ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು, ಅಲ್ಲೊಂದರಲ್ಲೇ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಬೈಬಲಿನ 137ನೇ ಕೀರ್ತನೆಯಲ್ಲಿ ಸೆರೆಯಾಗಿ ಇರಾಕಿನ ನದಿ ದಡಕ್ಕೆ ಬಂದವರ ಗೋಳು ಇದೆ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ಮೊಮ್ಮಕ್ಕಳಾದ ಜಮೈಕಾದವರಿಗೆ ಅದು ತಮ್ಮದೇ ಕಥೆ. 1970ರಲ್ಲಿ ಅದನ್ನು ಹಾಡು ಮಾಡಿದವರು ಜಮೈಕಾದ ಮೆಲೋಡಿಯನ್ಸ್ ತಂಡದ ಬ್ರೆಂಟ್ ಡೋ ಮತ್ತು ಟ್ರೆವರ್ ಮೆಕ್‌ನಾಟನ್. ಬೋನಿ ಎಂ ರೆಕಾರ್ಡಿನ ಮೊದಲ ಕೆಲವು ಪ್ರತಿಗಳಲ್ಲಿ ಫೇರಿಯನ್ ಮತ್ತು ರೇಯಾಮ್ ಹೆಸರು ಮಾತ್ರ ಇತ್ತು. ಒಪ್ಪಂದ ಆದ ಮೇಲೆ ಆ ಇಬ್ಬರ ಹೆಸರೂ ಸೇರಿತು. ಲಿಜ್ ಅದನ್ನು ಹಾಡುವಾಗ ಆ ನೋವು ಡಿಸ್ಕೋ ತಾಳದ ಒಳಗೂ ಕೇಳುತ್ತದೆ ಎಂದೇ ನನಗೆ ಅನಿಸುತ್ತದೆ.

ಅದೇ ಡಿಸೆಂಬರಿನಲ್ಲಿ ತಂಡವನ್ನು ಸೋವಿಯತ್ ಒಕ್ಕೂಟ ಮಾಸ್ಕೋಗೆ ಕರೆಸಿಕೊಂಡಿತು. ಶೀತಲ ಸಮರದ ಕಾಲ, ಪಶ್ಚಿಮದ ಪಾಪ್ ತಂಡಕ್ಕೆ ಅದು ಸಣ್ಣ ವಿಷಯವಲ್ಲ. ರಷ್ಯಾದಲ್ಲಿ ಹಾಡದೆ ಬಿಟ್ಟ ಹಾಡು ಯಾವುದು ಎಂದರೆ, ರಷ್ಯಾದ ಮೇಲೆಯೇ ಬರೆದ ‘ರಾಸ್ಪುಟಿನ್’!

ಈಗ ಮಾಮನ ಪ್ರಶ್ನೆಗೆ ಬರೋಣ. ವೇದಿಕೆಯಲ್ಲಿ ನಾಲ್ವರು: ಲಿಜ್, ಮಾರ್ಸಿಯಾ, ಮೇಝಿ, ಬಾಬಿ. ಸ್ಟುಡಿಯೋದಲ್ಲಿ ಹಾಡಿದವರು ಮೂವರು: ಲಿಜ್, ಮಾರ್ಸಿಯಾ, ಫೇರಿಯನ್. 1978ರಲ್ಲಿ ಫೇರಿಯನ್ ಇದನ್ನು ಬಾಯಿ ಬಿಟ್ಟು ಹೇಳಿದರು. ಬಾಬಿ ಮತ್ತು ಮೇಝಿಯ ಸ್ವರ ಈ ಸಂಗೀತಕ್ಕೆ ಹೊಂದುವುದಿಲ್ಲ ಎಂಬುದು ಅವರ ವಾದ. ಅಂದರೆ ಎದೆ ತೆರೆದ ಅಂಗಿ ತೊಟ್ಟು, ವೇದಿಕೆ ತುಂಬ ಗಿರಗಿರ ತಿರುಗುತ್ತಿದ್ದ ಬಾಬಿಯ ಬಾಯಿಂದ ರೆಕಾರ್ಡಿನಲ್ಲಿ ಬರುತ್ತಿದ್ದದ್ದು ಸ್ಟುಡಿಯೋದ ಗಾಜಿನ ಹಿಂದೆ ಕುಳಿತ ಜರ್ಮನ್ ಯಜಮಾನನ ಸ್ವರ. ನೇರ ಕಾರ್ಯಕ್ರಮಗಳಲ್ಲಿ ಬಾಬಿ ಸ್ವತಃ ಹಾಡುತ್ತಿದ್ದರು ಎಂಬುದನ್ನೂ ಹೇಳಬೇಕು.

ನಮಗೆ ಇದು ವಿಚಿತ್ರವಲ್ಲ. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದ ಕಾಲದಲ್ಲಿ ಯಾರೂ ಅದನ್ನು ಮೋಸ ಎನ್ನಲಿಲ್ಲ. ಆದರೆ ವ್ಯತ್ಯಾಸ ಇದೆ. ಪಿ.ಬಿ. ಶ್ರೀನಿವಾಸ್ ಹೆಸರನ್ನು ಚಿತ್ರದ ಆರಂಭದಲ್ಲೇ ತೋರಿಸುತ್ತಿದ್ದರು, ರೇಡಿಯೋದಲ್ಲಿ ಹೇಳುತ್ತಿದ್ದರು. ಬೋನಿ ಎಂ ಕವರಿನ ಮೇಲೆ ಅಂಥ ಲೆಕ್ಕ ಇರಲಿಲ್ಲ.

ಫೇರಿಯನ್ ಇದೇ ದಾರಿಯಲ್ಲಿ ಮುಂದೆ ಹೋಗಿ ಮುಗ್ಗರಿಸಿದರು. 1988ರ ಹೊತ್ತಿಗೆ ಅವರು ಕಟ್ಟಿದ ಮಿಲ್ಲಿ ವ್ಯಾನಿಲ್ಲಿ ತಂಡದಲ್ಲಿ ಕಾಣಿಸಿಕೊಂಡವರು ರಾಬ್ ಪಿಲಾಟಸ್ ಮತ್ತು ಫ್ಯಾಬ್ ಮಾರ್ವನ್ ಎಂಬ ಇಬ್ಬರು ಯುವಕರು, ಹಾಡಿದವರು ಬೇರೆ. ಅದಕ್ಕೆ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ನವೆಂಬರಿನಲ್ಲಿ ಫೇರಿಯನ್ ನಿಜ ಹೇಳಿದರು, ಪ್ರಶಸ್ತಿ ಹಿಂದಕ್ಕೆ ಹೋಯಿತು. ಜಗತ್ತು ಉಗಿದದ್ದು ಆ ಇಬ್ಬರು ಹುಡುಗರಿಗೆ. ಯೋಜನೆ ಹಾಕಿದವರು ಮತ್ತೆ ಸ್ಟುಡಿಯೋಕ್ಕೆ ಹೋಗಿ ಕೆಲಸ ಮುಂದುವರಿಸಿದರು. ಇದು ನ್ಯಾಯ ಅಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಅಕೌಂಟೆನ್ಸಿಯಲ್ಲಿ ಪಾಲುದಾರರ ಸೇರ್ಪಡೆ, ನಿವೃತ್ತಿ, ಮರಣ ಎಂದು ಪಾಠಗಳಿವೆಯಲ್ಲ, ಅವನ್ನು ಮಾಡುವಾಗೆಲ್ಲ ನನಗೆ ಬೋನಿ ಎಂ ನೆನಪಾಗುತ್ತದೆ. ಒಬ್ಬ ಪಾಲುದಾರ ಹೊರಗೆ ಹೋಗುವಾಗ ಅವನ ಪಾಲಿನ ಗುಡ್‌ವಿಲ್ ಲೆಕ್ಕ ಹಾಕಿ ಅವನ ಖಾತೆಗೆ ಜಮಾ ಮಾಡಬೇಕು. ಏಕೆಂದರೆ ಅಂಗಡಿಯ ಹೆಸರು ಬೆಳೆಯಲು ಅವನೂ ಬೆವರು ಸುರಿಸಿದ್ದಾನೆ. ಆದರೆ ಬೋನಿ ಎಂನ ನಾಲ್ವರು ಪಾಲುದಾರರಾಗಿ ಬಂದವರಲ್ಲ. ಹೆಸರು ಇವರು ಬರುವ ಮೊದಲೇ ಇತ್ತು, ಇವರು ಸಹಿ ಹಾಕಿ ಕೆಲಸಕ್ಕೆ ಸೇರಿದವರು. ಹೆಸರು ದೊಡ್ಡದಾದದ್ದು ಮಾತ್ರ ಇವರ ಮುಖದಿಂದ, ಇವರ ಸ್ವರದಿಂದ. ಹಾಗಾದರೆ ಗುಡ್‌ವಿಲ್ ಯಾರದು? ನಮ್ಮ ಪುಸ್ತಕದ ಸೂತ್ರದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಉತ್ತರಕ್ಕೆ ಹತ್ತಿರ ಬರುವ ಒಂದು ಘಟನೆ ಇದೆ. 1981ರಲ್ಲಿ ಫೇರಿಯನ್ ಮತ್ತು ಬಾಬಿ ನಡುವೆ ಸರಿಹೋಗದೆ ಬಾಬಿ ಹೊರಗಾದರು. ಮುಂದಿನ ವರ್ಷ ಘಾನಾ ಮೂಲದ ರೆಜ್ಜಿ ಸಿಬೋ ಬಂದರು. ರೆಜ್ಜಿ ನಿಜವಾಗಿಯೂ ಹಾಡಬಲ್ಲವರು, ರೆಕಾರ್ಡಿನಲ್ಲೂ ಹಾಡಿದರು. ಲೆಕ್ಕದ ಪ್ರಕಾರ ತಂಡಕ್ಕೆ ಲಾಭವೇ ಆಗಬೇಕಿತ್ತು. ಆದರೆ ಹಳೆಯ ಗೆಲುವು ಮರಳಲಿಲ್ಲ. ಡಿಸ್ಕೋ ಕಾಲ ಮುಗಿಯುತ್ತ ಬಂದದ್ದು ಒಂದು ಕಾರಣ ಇರಬಹುದು. ಜನ ಬಾಬಿಯನ್ನು ಹುಡುಕುತ್ತಿದ್ದರು ಎಂಬುದೂ ಅಷ್ಟೇ ನಿಜ. 1984ರಲ್ಲಿ ‘ಹ್ಯಾಪಿ ಸಾಂಗ್’ ಬಂದಾಗ ಅದರ ಕವರಿನ ಮೇಲೆ ತಂಡದ ಹೆಸರಿನ ಜೊತೆ ಬಾಬಿ ಫ್ಯಾರೆಲ್ ಎಂದು ಬೇರೆಯಾಗಿಯೇ ಹಾಕಿದರು. ಹಾಡುವುದಿಲ್ಲ ಎಂದವರ ಹೆಸರೇ ಮಾರಾಟಕ್ಕೆ ಬೇಕಾಯಿತು! ಆದರೂ ಕಾಲ ಮೀರಿತ್ತು. 1986ರಲ್ಲಿ, ಹತ್ತು ವರ್ಷ ತುಂಬಿದಾಗ ತಂಡ ಮುಗಿಯಿತು.

ಮುಗಿದ ಮೇಲೆ ಒಂದು ಬೋನಿ ಎಂ ಹೋಗಿ ಹಲವು ಆದವು. ಲಿಜ್, ಮಾರ್ಸಿಯಾ, ಮೇಝಿ, ಬಾಬಿ ಬೇರೆ ಬೇರೆಯಾಗಿ, ಹೊಸಬರನ್ನು ಕಟ್ಟಿಕೊಂಡು ಅದೇ ಹಾಡುಗಳೊಂದಿಗೆ ಊರೂರು ತಿರುಗಿದರು. ಹೆಸರು ಯಾರು ಬಳಸಬಹುದು ಎಂಬ ಜಗಳ ಕೋರ್ಟಿನ ತನಕ ಹೋಯಿತು. ಬಾಬಿ ಕೊನೆಯವರೆಗೂ ಕುಣಿಯುತ್ತಲೇ ಇದ್ದರು. 2010ರ ಡಿಸೆಂಬರಿನಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಒಂದು ಕಾರ್ಯಕ್ರಮ ಕೊಟ್ಟು ಹೋಟೆಲಿಗೆ ಮರಳಿದವರು, 30ರ ಬೆಳಿಗ್ಗೆ ಏಳಲಿಲ್ಲ. ವಯಸ್ಸು 61. ರಾಸ್ಪುಟಿನ್ ಕೊಲೆಯಾದದ್ದೂ ಅದೇ ನಗರದಲ್ಲಿ, 1916ರ ಡಿಸೆಂಬರ್ 30ರಂದು. ಫೇರಿಯನ್ 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಲ್ಲಿ ತೀರಿಕೊಂಡರು.

ಕೇರಳದ ಆ ವಿಡಿಯೋ ಬಂದ 2021ರಲ್ಲೇ ಮೆಜೆಸ್ಟಿಕ್ ಎಂಬ ಬ್ರಿಟಿಷ್ ಡಿ.ಜೆ. ‘ರಾಸ್ಪುಟಿನ್’ಗೆ ಹೊಸ ತಾಳ ಸೇರಿಸಿ ಬಿಟ್ಟರು, ಅದು ಬ್ರಿಟನ್ನಿನ ಪಟ್ಟಿಗೂ ಏರಿತು. ನಮ್ಮ ರೀಲ್ಸ್‌ಗಳಲ್ಲಿ ಕೇಳುವುದು ಹೆಚ್ಚಾಗಿ ಈ ರೂಪವನ್ನೇ. ಮೂಲವನ್ನು ಕೇಳಬೇಕು ಎನಿಸಿದರೆ ನನ್ನ ಸಲಹೆ ಹೀಗೆ: ಲಿಜ್ ಅವರ ಸ್ವರಕ್ಕೆ ‘ರಿವರ್ಸ್ ಆಫ್ ಬ್ಯಾಬಿಲಾನ್’, ಮಾರ್ಸಿಯಾ ಅವರ ಗಟ್ಟಿ ಗಂಟಲಿಗೆ ‘ಬೆಲ್‌ಫಾಸ್ಟ್’, ಫೇರಿಯನ್ ಅವರ ಬಾವಿಯ ಸ್ವರಕ್ಕೆ ‘ಡ್ಯಾಡಿ ಕೂಲ್’. ಬಾಬಿಗೆ ಮಾತ್ರ ಕ್ಯಾಸೆಟ್ ಸಾಲದು, ವಿಡಿಯೋವನ್ನೇ ನೋಡಬೇಕು. ಮಾಮನಿಗೂ ಅದನ್ನೇ ತೋರಿಸಿದೆ. ಪೂರ್ತಿ ನೋಡಿ ಅವರು ಹೇಳಿದ್ದು: “ಹಾಡಿದ್ದು ಅವನಲ್ಲದಿದ್ದರೆ ಏನೀಗ, ನೋಡು ಹೇಗೆ ಕುಣಿಯುತ್ತಾನೆ!”