ಬಿಲೇಶಯನಿಗೊಂದು ಬಿಲ

ಅಮರಕೋಶವು ಹಾವಿಗೆ ಕೊಡುವ ಹಲವು ಹೆಸರುಗಳಲ್ಲಿ ‘ಬಿಲೇಶಯ’ ಎಂಬುದೂ ಒಂದು. ಬಿಲದಲ್ಲಿ ಮಲಗುವಂಥದು ಎಂದು ಅದರ ಅರ್ಥ. ಈ ಪದವನ್ನು ತರಗತಿಗಳಲ್ಲಿ ಎಷ್ಟೋ ವರ್ಷ ಬಿಡಿಸಿ ಹೇಳಿದವನು ನಾನು. ಆದರೆ ಆ ಪ್ರಾಣಿಯ ಮೊದಲ ಅಗತ್ಯವೇ ಅದರಲ್ಲಿ ಹೇಳಲ್ಪಟ್ಟಿದೆ ಎಂಬುದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ, ಇಂದಿರಾನಗರದ ಮಗಳ ಮನೆಯಲ್ಲಿ, ಒಂದು ಗಾಜಿನ ಪೆಟ್ಟಿಗೆಯ ಮುಂದೆ ಕುಳಿತಾಗ.

ಪೆಟ್ಟಿಗೆಯಲ್ಲಿದ್ದುದು ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವು. ಪಶ್ಚಿಮ ಮತ್ತು ಮಧ್ಯ ಆಫ್ರಿಕ ಅದರ ತವರು. ಬೆಳೆದರೆ ಮೂರರಿಂದ ಐದು ಅಡಿ, ವಿಷವಿಲ್ಲ. ಹೆದರಿದಾಗ ತಲೆಯನ್ನು ಸುರುಳಿಯ ನಡುವೆ ಹುದುಗಿಸಿ ಚೆಂಡಿನಂತಾಗುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ನನ್ನ ಮೊಮ್ಮಗ ಸಾಕುತ್ತಿದ್ದ ಆ ಹಾವು ಐದು ವಾರಗಳಿಂದ ಆಹಾರ ಮುಟ್ಟಿರಲಿಲ್ಲ. ಪೆಟ್ಟಿಗೆಯಲ್ಲಿ ನೀರಿನ ಬಟ್ಟಲೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಏಕೆಂದು ಕೇಳಿದೆ. “ಏನಾದರೂ ಇಟ್ಟರೆ ಅದರೊಳಗೇ ಕೂತುಬಿಡುತ್ತೆ ತಾತ. ಆಮೇಲೆ ನೋಡೋದು ಹೇಗೆ?” ಎಂದ.

ಪಶುವೈದ್ಯರು ಬಂದು ಪರೀಕ್ಷಿಸಿದರು. ರೋಗವೇನೂ ಇಲ್ಲ, ಇರುವುದು ಭಯ ಎಂದರು. ಅವರು ವಿವರಿಸಿದುದನ್ನೂ, ಆ ಬಳಿಕ ನಾನು ಓದಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತೇನೆ.

ಈ ಹೆಬ್ಬಾವು ತನ್ನ ನಾಡಿನಲ್ಲಿ ಹಗಲನ್ನು ಕಳೆಯುವುದು ಇಲಿ ಹೆಗ್ಗಣಗಳು ತೋಡಿ ಬಿಟ್ಟ ಬಿಲಗಳಲ್ಲಿ, ಇಲ್ಲವೇ ಗೆದ್ದಲು ಕಟ್ಟಿದ ಹುತ್ತಗಳಲ್ಲಿ. ಗೆದ್ದಲಿನ ಹುತ್ತ ಹಾವಿಗೆ ಮನೆಯಾಗುವ ನಮ್ಮ ಗಾದೆಯ ಮಾತು ಆಫ್ರಿಕಕ್ಕೂ ಸಲ್ಲುತ್ತದೆ! ಕತ್ತಲೆಯಲ್ಲಿ, ಮೈಯ ಸುತ್ತ ಗೋಡೆ ತಾಗುತ್ತಿರುವಾಗ ಮಾತ್ರ ಅದಕ್ಕೆ ನೆಮ್ಮದಿ. ನಾಲ್ಕು ಕಡೆಯೂ ಗಾಜಿರುವ ಬರಿಯ ಪೆಟ್ಟಿಗೆ ನಮಗೆ ಅಂದವಾಗಿ ಕಂಡರೂ, ಹಾವಿನ ಪಾಲಿಗೆ ಅದು ಹದ್ದುಗಳು ಹಾರಾಡುವ ಬಯಲು.

ಹಾಗಾದರೆ ಒಂದು ಅಡಗುದಾಣ ಸಾಕೇ? ಸಾಲದು, ಎರಡು ಬೇಕು. ಹಾವು ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ತಿಂದ ಆಹಾರ ಅರಗಬೇಕಾದರೆ ಬೆಚ್ಚಗಿನ ಜಾಗಕ್ಕೂ, ಮೈ ಕಾದಾಗ ತಂಪಿನ ಜಾಗಕ್ಕೂ ಅದು ಸರಿಯಬೇಕು. ಆದಕಾರಣ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರ ಆಸುಪಾಸು ಇರಬೇಕು. ಅಡಗುದಾಣ ತಂಪಿನ ಕಡೆ ಮಾತ್ರ ಇದ್ದರೆ, ಅಂಜುಬುರುಕ ಹಾವು ಅಲ್ಲಿಯೇ ಉಳಿದು ಉಂಡದ್ದನ್ನು ಅರಗಿಸಿಕೊಳ್ಳಲಾರದೆ ಕಕ್ಕಬಹುದು. ಬಿಸಿಯ ಕಡೆ ಮಾತ್ರ ಇದ್ದರೆ ಅಲ್ಲಿಯೇ ಒಣಗಬಹುದು. ಭಯವನ್ನೋ ಚಳಿಯನ್ನೋ ಆರಿಸಿಕೋ ಎಂದು ಮೂಕಪ್ರಾಣಿಯನ್ನು ನಿರ್ಬಂಧಿಸುವುದು ನ್ಯಾಯವಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹದಿನೈದು ಹದಿನಾರು ಡಿಗ್ರಿಗೆ ಇಳಿಯುವ ನಮ್ಮ ಬೆಂಗಳೂರಿನಲ್ಲಿ ಈ ಮಾತು ಇನ್ನಷ್ಟು ಮುಖ್ಯ.

ಅಡಗುದಾಣಕ್ಕೆ ದುಬಾರಿ ವಸ್ತುಗಳು ಬೇಡ. ದಂಡುಪ್ರದೇಶದ ಪಾಟರಿ ಟೌನಿನಲ್ಲಿ ಕುಂಬಾರರಿದ್ದಾರೆ. ಅಲ್ಲಿ ಒಂದೇ ಅಳತೆಯ ಎರಡು ಅಗಲವಾದ ಮಡಕೆಗಳನ್ನು ಹೇಳಿ ಮಾಡಿಸಿದೆವು. ಸುಡುವ ಮೊದಲೇ ಬಾಯಂಚಿನಲ್ಲಿ ಕಮಾನಿನಂತೆ ಒಂದು ಬಾಗಿಲನ್ನು ಕತ್ತರಿಸಿ, ಅಂಚನ್ನು ನುಣುಪುಗೊಳಿಸಿಕೊಟ್ಟರು. ಬೋರಲಿಟ್ಟರೆ ಗುಹೆ ಸಿದ್ಧ. ಸುರುಳಿ ಸುತ್ತಿದ ಹಾವಿನ ಮೈ ಒಳಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು; ಬಾಗಿಲು ಮಾತ್ರ ಉಂಡು ಉಬ್ಬಿದ ಮೈಯೂ ಸರಾಗವಾಗಿ ದಾಟುವಂತಿರಬೇಕು. ಹೂಕುಂಡದ ತಳದ ಕಿರುತೂತಿನಲ್ಲಿ ಹಾವು ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅಂಥ ತೂತನ್ನು ಮುಚ್ಚತಕ್ಕದ್ದು. ಮಡಕೆಯನ್ನು ಪೆಟ್ಟಿಗೆಯ ತಳಕ್ಕೇ ಊರಿಸಬೇಕು. ಹಾಸಿನ ಮೇಲಿಟ್ಟರೆ, ಹಾವು ಅಡಿಯಲ್ಲಿ ತೂರಿದಾಗ ಕುಸಿದೀತು. ಶಾಖಕ್ಕೆ ಥರ್ಮೋಸ್ಟಾಟ್ ಇರಲೇಬೇಕು, ಮತ್ತು ಉಷ್ಣತೆಯನ್ನು ಅಳೆಯಬೇಕಾದದ್ದು ಮಡಕೆಯ ಒಳಗೆ.

ಪೊರೆ ಬಿಡುವ ಕಾಲದಲ್ಲಿ ಹಾವಿನ ಕಣ್ಣು ನೀಲಿಗಟ್ಟಿ ಮಂಜಾಗುತ್ತದೆ. ಆಗ ಒಂದು ಮಡಕೆಯೊಳಗೆ ಒದ್ದೆ ಮಾಡಿ ಹಿಂಡಿದ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹರಡಿದರೆ ಪೊರೆ ಇಡಿಯಾಗಿ ಕಳಚುತ್ತದೆ. ಒಣಹವೆಯಲ್ಲಿ ಅದು ತುಂಡುತುಂಡಾಗಿ, ಕಣ್ಣಿನ ಮೇಲೂ ಅಂಟಿ ಉಳಿಯಬಹುದು. ಹಾಸಿದ್ದು ಬೂಷ್ಟು ಹಿಡಿಯುವ ಮೊದಲೇ ಬದಲಿಸಬೇಕು. ಉಂಡ ಮೇಲೆ ಎರಡು ದಿನ ಮಡಕೆಯನ್ನು ಎತ್ತಲೇಬಾರದು.

ಇದನ್ನು ಕೇಳಿ, ನಮ್ಮ ನೆಲದ ಹಾವನ್ನೂ ಹೀಗೆ ಸಾಕೋಣವೆಂದು ಯಾರೂ ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಗರಹಾವು, ಕೇರೆ, ನಮ್ಮ ಹೆಬ್ಬಾವು ಇವುಗಳನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ. ಕೆ.ಆರ್. ಪುರದ ಯಾವುದೋ ಹೊಸ ಕಟ್ಟಡದ ಇಟ್ಟಿಗೆ ರಾಶಿಯಲ್ಲಿ ಸೇರಿಕೊಂಡ ಕೇರೆಯೂ ಹುಡುಕಿ ಬಂದದ್ದು ಅಡಗುದಾಣವನ್ನೇ. ಅದನ್ನು ಬಡಿಯದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳನ್ನು 2024ರ ನಿಯಮಗಳ ಪ್ರಕಾರ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಆ ವರ್ಷದ ಏಪ್ರಿಲ್‌ನಲ್ಲಿಯೇ ಬ್ಯಾಂಕಾಕಿನಿಂದ ನಮ್ಮ ವಿಮಾನನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕಿದವು. ಅಂಥ ಹಾದಿಯಲ್ಲಿ ಬಂದ ಹಾವನ್ನು ಕೊಳ್ಳುವವನು ಆ ಕ್ರೌರ್ಯದಲ್ಲಿ ಪಾಲುದಾರನೇ ಸರಿ.

ಮಡಕೆಗಳನ್ನಿಟ್ಟ ಹನ್ನೊಂದನೆಯ ದಿನ ನಮ್ಮ ಹಾವು ಇಲಿಯನ್ನು ಹಿಡಿಯಿತು. ಹಗಲಲ್ಲಿ ಅದೀಗ ಕಾಣಿಸುವುದೇ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಡಕೆಯ ಬಾಗಿಲಿನಿಂದ ಮೊದಲು ನಾಲಗೆ, ಆಮೇಲೆ ತಲೆ ಹೊರಬರುತ್ತದೆ. ಮೊಮ್ಮಗ ಸದ್ದಿಲ್ಲದೆ ಕಾಯುತ್ತಾನೆ. ಮೊನ್ನೆ ನಾನು ಏನೋ ಕೇಳಲು ಹೋದೆ. “ಮಾತಾಡಬೇಡಿ ತಾತ, ಅದಾಗೇ ಬರ್ತಾ ಇದೆ” ಎಂದು ನನ್ನನ್ನೇ ಸುಮ್ಮನಿರಿಸಿದ.

(ಬಾನುಲಿ ಭಾಷಣ)